ಐದು ದಿನ ಹನ್ನೆರಡು ಪಾಯಿಂಟ್ ಏಳು

“ನಮಸ್ತೆ ಮೇಡಂ, ನನ್ನ ಹೆಸರು ಸಿಂಚನ. ಆರನೇ ಕ್ಲಾಸು. ನನ್ನ ಪ್ರಶ್ನೆ ಏನಂದ್ರೆ...”

ಟೊಂಯ್ ಎಂದು ಇನ್ವರ್ಟರ್ ಕೂಗಿತು. ಗೋಡೆಯ ಮೇಲೆ ದೊಡ್ಡದಾಗಿ ನಗುತ್ತಿದ್ದ ವಿಜ್ಞಾನಿ ಮೇಡಂ ಒಂದೇ ಏಟಿಗೆ ಮಾಯವಾದರು. ಸ್ಪೀಕರ್ ಸುಮ್ಮನಾಯಿತು. ತಲೆಯ ಮೇಲೆ ತಿರುಗುತ್ತಿದ್ದ ಎರಡು ಫ್ಯಾನುಗಳು ನಿಧಾನವಾಗಿ ನಿಂತುಹೋದವು.

ಕಂಪ್ಯೂಟರ್ ರೂಮಿನಲ್ಲಿ ಒತ್ತೊತ್ತಾಗಿ ಕುಳಿತಿದ್ದ ಐವತ್ತು ಮಕ್ಕಳು “ಹೋ...” ಎಂದು ಕೂಗಿದರು. ಸಿಂಚನ ಮಾತ್ರ ಮೈಕು ಹಿಡಿದುಕೊಂಡು ನಿಂತೇ ಇದ್ದಳು.

ಮೂರು ವಾರದಿಂದ ಶಾಲೆಯಲ್ಲಿ ಇದೇ ಮಾತು. ಉಪಗ್ರಹ ಮಾಡುವ ವಿಜ್ಞಾನಿಯೊಬ್ಬರು ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ಬರುತ್ತಾರೆ, ಮಕ್ಕಳ ಪ್ರಶ್ನೆಗೆ ಉತ್ತರ ಹೇಳುತ್ತಾರೆ ಎಂದು. ಇಡೀ ಶಾಲೆಯಿಂದ ಐದು ಪ್ರಶ್ನೆ ಆರಿಸಿದ್ದರು. ಮೂರನೆಯದು ಸಿಂಚನಳದು. ಉಪಗ್ರಹ ಭೂಮಿಯ ನೆರಳಿನೊಳಗೆ ಹೋದಾಗ ಅದರ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ? ಜಡಿಗೇನಹಳ್ಳಿಯಲ್ಲಿ ಚಿಕ್ಕಮ್ಮನ ಮದುವೆಗೆ ಹೋದಾಗಲೂ ಅವಳು ಇದನ್ನು ಹೇಳಿ ಹೇಳಿ ಬಾಯಿಪಾಠ ಮಾಡಿದ್ದಳು. ಈಗ ನೋಡಿದರೆ, ಕಾರ್ಯಕ್ರಮ ಶುರುವಾಗಿ ಹತ್ತು ನಿಮಿಷವೂ ಆಗಿರಲಿಲ್ಲ.

ಅನಿಲ್‌ಕುಮಾರ್ ಸರ್ ವೈರು ಎಳೆದರು, ಸ್ವಿಚ್ಚು ಒತ್ತಿದರು, ಲ್ಯಾಪ್‌ಟಾಪಿನ ಮುಂದೆ ಬೆವರಿದರು. ಊರಿನ ಕರೆಂಟಿಗೆ ಹಾಕೋಣ ಎಂದರೆ ಬೆಳಗ್ಗೆಯಿಂದ ಲೈನ್ ಕೆಲಸವೆಂದು ಅದನ್ನೂ ತೆಗೆದಿದ್ದರು. ಇಂಥ ದಿನಕ್ಕಾಗಿಯೇ ಅಲ್ಲವೇ ಶಾಲೆಯ ತಾರಸಿಯ ಮೇಲೆ ಸೋಲಾರ್ ಹಾಕಿದ್ದು! ಆ ಸೋಲಾರಿನ ಎರಡು ಎತ್ತರದ ಬ್ಯಾಟರಿಗಳು ಮೂಲೆಯ ಮರದ ಸ್ಟ್ಯಾಂಡಿನ ಮೇಲೆ ಏನೂ ಗೊತ್ತಿಲ್ಲದವರ ಹಾಗೆ ಕುಳಿತಿದ್ದವು.

“ವಿದ್ಯುತ್ ಮಂತ್ರಿ ಯಾರು?”

ಹೆಡ್ ಮಿಸ್ ಶಶಿರೇಖಾ ಅವರ ದನಿ ಕೇಳಿ ಮಕ್ಕಳೆಲ್ಲ ಗಪ್‌ಚಿಪ್ ಆದರು.

ಯಾರು ಎಂದು ಮಿಸ್‌ಗೆ ಗೊತ್ತಿಲ್ಲವೇ? ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ ನಡೆದಾಗ ಸಿಂಚನಳಿಗೆ ಬ್ಯಾಡ್ಜ್ ಚುಚ್ಚಿದ್ದೇ ಅವರು. ಏಳನೇ ಕ್ಲಾಸಿನ ಸಿದ್ದರಾಜು ಪ್ರಧಾನಮಂತ್ರಿ. ಊಟಕ್ಕೊಬ್ಬ ಮಂತ್ರಿ, ನೀರಿಗೊಬ್ಬ ಮಂತ್ರಿ, ಹೂದೋಟಕ್ಕೊಬ್ಬ ಮಂತ್ರಿ. ಬ್ಯಾಟರಿ ನೋಡಿಕೊಳ್ಳುವುದು ವಿದ್ಯುತ್ ಮಂತ್ರಿ ಸಿಂಚನ. ಅವಳ ಉಪಮಂತ್ರಿ ಚಂದನ. ಇಬ್ಬರೂ ಒಂದೇ ಬೆಂಚು, ಒಂದೇ ಬೀದಿ.

“ನಾನು ಮಿಸ್,” ಎಂದಳು ಸಿಂಚನ.

“ಬೆಳಗ್ಗೆ ಬ್ಯಾಟರಿ ಹೇಗಿದೆ ಅಂತ ಕೇಳ್ದೆ. ಸಿದ್ದರಾಜು ನಿನ್ನ ನೋಟ್‌ಬುಕ್ ತಂದು ತೋರಿಸ್ದ, ಫುಲ್ ಇದೆ ಅಂತ. ಅದನ್ನ ನಂಬ್ಕೊಂಡು ನಾನು ಆ ಮೇಡಂಗೆ ಫೋನ್‌ನಲ್ಲಿ ಹೇಳಿದ್ದೀನಿ, ನಮ್ಮ ಸ್ಕೂಲಲ್ಲಿ ಕರೆಂಟ್ ಹೋದ್ರೂ ತೊಂದ್ರೆ ಇಲ್ಲ ಅಂತ. ಈಗ ನನ್ನ ಮುಖ ಎಲ್ಲಿಟ್ಕೊಳ್ಳಲಿ?”

“ಮಿಸ್, ಸೋಮವಾರದಿಂದ ನಾನು ಊರಲ್ಲೇ ಇರ್ಲಿಲ್ಲ. ನಿನ್ನೆ ಸಂಜೆ ಬಂದೆ...”

“ಮತ್ತೆ ಬರೆದಿದ್ದು ಯಾರು, ದೆವ್ವಾನಾ? ನೋಟ್‌ಬುಕ್ ಮೇಲೆ ಇರೋದು ಯಾರ ಹೆಸರು?”

“ನಂದು ಮಿಸ್.”

“ಬ್ಯಾಡ್ಜ್ ತೆಗಿ. ಸಾಕು ನಿನ್ನ ಮಂತ್ರಿಗಿರಿ.”

ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ “ರಾಜೀನಾಮೆ!” ಎಂದರು. ಇನ್ನೊಬ್ಬ ಜೋರಾಗಿ “ರಾಜೀನಾಮೆ! ರಾಜೀನಾಮೆ!” ಎಂದ. ಟಿವಿಯಲ್ಲಿ ನೋಡಿ ಕಲಿತದ್ದು ಇಂಥದಕ್ಕೆ ಮಾತ್ರ ಚೆನ್ನಾಗಿ ಬರುತ್ತದೆ ಈ ಹುಡುಗರಿಗೆ. ಪ್ರಧಾನಮಂತ್ರಿ ಸಿದ್ದರಾಜು ಗಂಭೀರವಾಗಿ ಕೈ ಚಾಚಿದ. ಸಿಂಚನ ಪಿನ್ನು ಕಿತ್ತು ಬ್ಯಾಡ್ಜನ್ನು ಅವನ ಅಂಗೈಗೆ ಬಡಿದಳು.

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕಿವಿಯೆಲ್ಲ ಬಿಸಿಯಾಯಿತು.

*

ಬ್ಯಾಟರಿ ನೋಡುವುದು ಎಂದರೆ ಸುಮ್ಮನೆ ಅಲ್ಲ. ಬ್ಯಾಟರಿಯ ಮೇಲೆ ಗೋಡೆಯಲ್ಲಿ ಒಂದು ಪುಟ್ಟ ಮೀಟರ್ ಇದೆ. ಸೋಲಾರ್ ಹಾಕಿಕೊಟ್ಟ ರಾಮಾಂಜಿನಪ್ಪ ಅಂಕಲ್ ಅದನ್ನು ನೋಡುವ ಕ್ರಮವನ್ನು ಜೂನ್‌ನಲ್ಲೇ ಹೇಳಿಕೊಟ್ಟಿದ್ದರು.

“ಬಿಸಿಲು ಬೀಳ್ತಿರೋವಾಗ ನೋಡಿದ್ರೆ ಮೀಟರ್ ಜಂಬ ಕೊಚ್ಚಿಕೊಳ್ಳುತ್ತೆ. ಫ್ಯಾನು ಲೈಟು ಓಡ್ತಿರೋವಾಗ ನೋಡಿದ್ರೆ ಗೋಳಾಡುತ್ತೆ. ಎರಡೂ ಸುಳ್ಳೇ. ಬಂದ ತಕ್ಷಣ ಸೋಲಾರ್ ಸ್ವಿಚ್ಚು, ಲೈಟಿನ ಸ್ವಿಚ್ಚು ಎರಡೂ ಆಫ್ ಮಾಡಿ. ಪ್ರೇಯರ್ ಮುಗಿಯೋವರ್ಗೂ ಬ್ಯಾಟರಿನ ಅದರ ಪಾಡಿಗೆ ಬಿಡಿ. ಆಮೇಲೆ ನೋಡಿ. ಆಗ ನಿಜ ಹೇಳುತ್ತೆ. ಹನ್ನೆರಡು ಪಾಯಿಂಟ್ ಏಳು ಇದ್ರೆ ಹೊಟ್ಟೆ ತುಂಬಿದೆ. ಹನ್ನೆರಡು ಪಾಯಿಂಟ್ ಎರಡು ಇದ್ರೆ ಅರ್ಧ ಹೊಟ್ಟೆ. ಹನ್ನೊಂದೂವರೆಗೆ ಇಳೀತು ಅಂದ್ರೆ ಉಪವಾಸ. ಉಪವಾಸ ಕೆಡವಿದ್ರೆ ಬ್ಯಾಟರಿ ಆಯಸ್ಸು ಕಮ್ಮಿ ಆಗುತ್ತೆ, ಗೊತ್ತಾಯ್ತಾ?”

ಸಿಂಚನಳಿಗೆ ಚೆನ್ನಾಗಿ ಗೊತ್ತಾಗಿತ್ತು. ಅವಳ ನೋಟ್‌ಬುಕ್ಕಿನಲ್ಲಿ ಒಂದು ದಿನ 12.6, ಮಾರನೆಯ ದಿನ 12.4, ಮಳೆ ಹಿಡಿದ ವಾರದಲ್ಲಿ 12.3, ಬಿಸಿಲು ಬಂದ ಮೇಲೆ ಮತ್ತೆ 12.5. ನಿಜವಾದ ಬ್ಯಾಟರಿ ಹೀಗೆ ಏರುತ್ತದೆ, ಇಳಿಯುತ್ತದೆ.

ಊಟದ ಬೆಲ್ ಹೊಡೆದರೂ ಅವಳು ತಟ್ಟೆ ಹಿಡಿಯಲಿಲ್ಲ. ಕ್ಲಾಸಿನಲ್ಲೇ ಕುಳಿತು ನೋಟ್‌ಬುಕ್ ಬಿಡಿಸಿದಳು. ಮದುವೆಗೆ ಹೋಗುವಾಗ ಅದನ್ನು ಚಂದನಳ ಕೈಗೆ ಕೊಟ್ಟಿದ್ದಳು, ಈ ಹೊತ್ತು ಬೆಳಗ್ಗೆಯೂ ಅವಳ ಹತ್ತಿರವೇ ಇತ್ತು. ಈ ವಾರದ ಪುಟ. ಸೋಮವಾರ 12.7. ಮಂಗಳವಾರ 12.7. ಬುಧವಾರ 12.7. ಗುರುವಾರ 12.7. ಈ ಹೊತ್ತು, ಶುಕ್ರವಾರ, 12.7. ಐದೂ ಒಂದೇ ನೀಲಿ ಜೆಲ್ ಪೆನ್ನಿನಲ್ಲಿ, ಒಂದರ ಕೆಳಗೊಂದು ಮುದ್ದಾಗಿ.

ಸಿಂಚನ ನೋಟ್‌ಬುಕ್ಕನ್ನು ಪಟ್ಟೆಂದು ಮುಚ್ಚಿ ಹೊರಗೆ ಓಡಿದಳು.

ಚಂದನ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಳು. ಸಿಂಚನಳ ಮುಖ ನೋಡಿದವಳೇ ನಲ್ಲಿ ನಿಲ್ಲಿಸಿದಳು.

“ಲೇ ಚಂದನ, ಮೀಟರ್ ನೋಡಿದ್ಯೇನೇ ನೀನು?”

ಚಂದನ ತಟ್ಟೆ ಒದರಿದಳು.

“ಕೇಳ್ತಿರೋದು ನಿನ್ನನ್ನೇ! ಐದು ದಿನದಲ್ಲಿ ಒಂದ್ ದಿನ ಆದ್ರೂ ನೋಡಿದ್ಯಾ?”

“ಇಲ್ಲ.”

“ನೋಡ್ದೇ ಬರ್ದ್ಯಾ?”

“ರೂಮಿಗೆ ಬೀಗ ಹಾಕಿತ್ತು ಕಣೇ. ಕೀ ಅನಿಲ್ ಸರ್ ಹತ್ರ. ಸರ್ ದೊಡ್ಡಬಳ್ಳಾಪುರಕ್ಕೆ ಟ್ರೈನಿಂಗ್‌ಗೆ ಹೋಗಿದ್ರು. ದಿನಾ ಹೋಗಿ ಬಾಗಿಲು ತಳ್ಳಿ ನೋಡ್ದೆ. ಇವತ್ತು ತೆಗ್ದಿತ್ತು, ಆದ್ರೆ ಸರ್ ಒಳಗೇ ಬಿಡ್ಲಿಲ್ಲ, ವೈರ್ ತುಳೀಬೇಡಿ ಆಚೆ ಹೋಗಿ ಅಂದ್ರು.”

“ಹಂಗಂತ ಬರೀಬೇಕಿತ್ತು! ಬೀಗ ಹಾಕಿತ್ತು ಅಂತ ಬರೀಬೇಕಿತ್ತು!”

“ಖಾಲಿ ಬಿಡ್ಬೇಡ ಅಂದಿದ್ದು ನೀನೇ!” ಚಂದನಳ ದನಿಯೂ ಏರಿತು. “ನೋಟ್‌ಬುಕ್ ಕೊಡೋವಾಗ ಏನಂದೆ? ಒಂದು ಖಾನೆನೂ ಖಾಲಿ ಇರ್ಬಾರ್ದು, ಇದ್ರೆ ನಿನ್ ಜೊತೆ ಮಾತೇ ಆಡಲ್ಲ ಅಂದೆ. ಅಂದ್ಯೋ ಇಲ್ವೋ?”

ಅಂದಿದ್ದಳು. ಆದರೆ ಸಿಟ್ಟು ಬಂದಾಗ ಆಡಿದ ಮಾತನ್ನು ಒಪ್ಪಿಕೊಳ್ಳುವವರು ಯಾರಿದ್ದಾರೆ? ಸಿಂಚನ ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಕಿರುಚಿದಳು.

“ಸುಳ್ಳಿ! ಸುಳ್ಳು ಬರೆಯೋ ಸುಳ್ಳಿ! ನಿನ್ನಿಂದ ನನ್ ಬ್ಯಾಡ್ಜ್ ಹೋಯ್ತು. ನನ್ ಪ್ರಶ್ನೆ ಹೋಯ್ತು. ಇನ್ಮೇಲೆ ನಮ್ಮನೆ ಕಡೆ ಕಾಲಿಡ್ಬೇಡ!”

ನಲ್ಲಿಯ ಹತ್ತಿರ ಇದ್ದವರೆಲ್ಲ ತಟ್ಟೆ ಹಿಡಿದುಕೊಂಡು ಸುತ್ತ ನಿಂತರು. ಸಿಂಚನ ಅಷ್ಟಕ್ಕೇ ಬಿಡಲಿಲ್ಲ. ಸೀದಾ ಆಫೀಸ್ ರೂಮಿಗೆ ಹೋಗಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

“ಮಿಸ್, ಐದು ದಿನದ್ದೂ ಚಂದನ ನೋಡ್ದೇ ಬರ್ದಿದ್ದಾಳೆ. ಬೇಕಾದ್ರೆ ಕೇಳಿ.”

ಮಿಸ್ ಕೇಳಿದರು. ಚಂದನ ಹೌದೆಂದಳು. “ಬೀಗ ಹಾಕಿತ್ತು ಮಿಸ್” ಎಂದೂ ಹೇಳಿದಳು. ಬೆಳಗಿನಿಂದ ಮಿಸ್‌ಗೂ ಮೈಯೆಲ್ಲ ಸಿಟ್ಟೇ ಇತ್ತು. ಅವರಿಗೆ ಮೊದಲ ಮಾತು ಕೇಳಿಸಿತು, ಎರಡನೆಯದು ಕೇಳಿಸಲಿಲ್ಲ. ಕೊನೆಯ ಬೆಲ್ ಹೊಡೆಯುವವರೆಗೂ ಚಂದನ ಆಫೀಸ್ ರೂಮಿನ ಹೊರಗೆ ಗೋಡೆಗೆ ಮುಖ ಮಾಡಿ ನಿಂತಳು.

ಹಾಗೇ ಆಗಬೇಕು, ಎಂದುಕೊಂಡಳು ಸಿಂಚನ. ಆದರೆ ಅದೇನೋ, ಸಿಟ್ಟು ಒಂದು ಚೂರೂ ಇಳಿಯಲಿಲ್ಲ.

*

ಸಂಜೆ ಮನೆಗೆ ಬಂದವಳೇ ಬ್ಯಾಗನ್ನು ಮೂಲೆಗೆ ಎಸೆದಳು. ಹಾಲು ಬೇಡ ಎಂದಳು. ಮದುವೆಯಿಂದ ತಂದ ಚಿರೋಟಿ ಬೇಡ ಎಂದಳು. ಜಗುಲಿಯಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದ ಅಜ್ಜಿ ಲಕ್ಕಮ್ಮ ಕತ್ತೆತ್ತಿ ನೋಡಿತು.

“ಏನ್ ಕೂಸೇ, ಯಾರ ಮ್ಯಾಲೆ ಈ ಪಾಟಿ ಸಿಟ್ಟು?”

ಸಿಂಚನ ಎಲ್ಲವನ್ನೂ ಒದರಿದಳು. ಮಿಸ್ ಬೈದದ್ದು, ಸಿದ್ದರಾಜು ಕೈ ಚಾಚಿದ್ದು, ಐದು ಸಲ 12.7. ಅಜ್ಜಿಗೆ ಪಾಯಿಂಟು ಗೀಯಿಂಟು ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಾ ನಿಮ್ ಮೇಡಮ್ಮೋರು?”

“ಹೂಂ ಅಜ್ಜಿ! ತಪ್ಪು ಅವಳದ್ದು, ಬೈಸ್ಕೊಂಡಿದ್ದು ನಾನು.”

“ಅದ್ಸರಿ. ಆ ಮಗ ಬೀಗ ಹಾಕಿರೋ ಬಾಗ್ಲ ಹೆಂಗ್ ತೆಗೀಬೇಕಿತ್ತು?”

“ನೀನೂ ಅವಳ ಕಡೆನೇ ಮಾತಾಡು!” ಸಿಂಚನ ಕಾಲು ಅಪ್ಪಳಿಸಿ ಒಳಗೆ ಹೋದಳು.

ಅಜ್ಜಿ ಒಂದು ಕಲ್ಲು ಹುಡುಕಿ ಅಂಗಳಕ್ಕೆ ಎಸೆಯಿತು. “ಸಿಟ್ಟಲ್ಲಿ ಕುಯ್ಕೊಂಡ ಮೂಗು ಸಮಾಧಾನ ಆದ್ಮೇಲೆ ಬರಾಕಿಲ್ಲ ಕಣವ್ವ,” ಎಂದು ತನ್ನ ಪಾಡಿಗೆ ತಾನು ಹೇಳಿಕೊಂಡಿತು. ಸಿಂಚನ ಒಳಗಿನಿಂದ ಬಾಗಿಲು ದಡಾರನೆ ಹಾಕಿದಳು.

ದಿನಾ ಸಂಜೆ ಆರಕ್ಕೆ ಚಂದನ ಹೋಮ್‌ವರ್ಕ್ ಹಿಡಿದುಕೊಂಡು ಬರುತ್ತಿದ್ದಳು. ಅವತ್ತು ಬರಲಿಲ್ಲ. ಬಾರದೇ ಇದ್ದದ್ದಕ್ಕೂ ಸಿಂಚನಳಿಗೆ ಸಿಟ್ಟು ಬಂತು.

*

ಮಾರನೆಯ ದಿನ ಶನಿವಾರ, ಬೆಳಗಿನ ಶಾಲೆ. ಪ್ರೇಯರ್ ಮುಗಿಯುವ ಹೊತ್ತಿಗೆ ರಾಮಾಂಜಿನಪ್ಪ ಅಂಕಲ್ ತಮ್ಮ ಮೊಪೆಡ್ಡಿನಲ್ಲಿ ಬಂದಿಳಿದರು. ಹಿಂದಿನ ಸೀಟಿಗೆ ಕಟ್ಟಿದ ಪೆಟ್ಟಿಗೆ ಬಿಚ್ಚಿಕೊಂಡು ಕಂಪ್ಯೂಟರ್ ರೂಮಿಗೆ ಬಂದರು. ಮಿಸ್, ಅನಿಲ್ ಸರ್, ಸಿದ್ದರಾಜು, ಸಿಂಚನ, ಚಂದನ ಎಲ್ಲರೂ ಅಲ್ಲೇ ಸೇರಿದರು. ಸಿಂಚನ ಒಂದು ಗೋಡೆಗೆ ನಿಂತರೆ ಚಂದನ ಎದುರಿನ ಗೋಡೆಗೆ ನಿಂತಳು.

“ಮಕ್ಕಳೆಲ್ಲ ಬಾಗಿಲ ಹತ್ರ ನಿಂತ್ಕೊಳ್ಳಿ. ಇದರೊಳಗೆ ಇರೋದು ಆಸಿಡ್ಡು. ಮೈಗೆ ಬಿದ್ರೆ ಸುಡುತ್ತೆ,” ಎಂದು ಅಂಕಲ್ ಕೈಗೆ ರಬ್ಬರಿನ ಗ್ಲೌಸು, ಕಣ್ಣಿಗೆ ಕನ್ನಡಕ ಹಾಕಿಕೊಂಡರು.

ಅವರ ಕೈಯಲ್ಲಿ ಒಂದು ಗಾಜಿನ ಕೊಳವೆ ಇತ್ತು. ತಲೆಗೆ ರಬ್ಬರಿನ ಬುಡ್ಡೆ, ಒಳಗೆ ಕೆಂಪು, ಹಳದಿ, ಹಸಿರು ಗೆರೆ ಇರುವ ತೇಲುವ ಕಡ್ಡಿ. ಅಂಕಲ್ ಬ್ಯಾಟರಿಯ ಮುಚ್ಚಳ ತಿರುಗಿಸಿ ತೆಗೆದು, ಬುಡ್ಡೆ ಅಮುಕಿ ಬಿಟ್ಟರು. ಒಳಗಿನ ನೀರು ಕೊಳವೆಗೆ ಏರಿತು. ಬ್ಯಾಟರಿ ತುಂಬಿದ್ದರೆ ಕಡ್ಡಿ ಹಸಿರಿನವರೆಗೂ ಮೇಲೆದ್ದು ತೇಲಬೇಕು. ಅದು ಮುಳುಗಿ ಮುಳುಗಿ ಕೆಂಪಿನಲ್ಲಿ ನಿಂತಿತು. ಎರಡನೆಯ ಬ್ಯಾಟರಿಯಲ್ಲೂ ಹಾಗೇ ಆಯಿತು.

“ಅಯ್ಯಯ್ಯೋ, ಏನ್ ಮೇಡಂ ಇದು! ಪೂರ್ತಿ ಹೀರಿಬಿಟ್ಟಿದ್ದೀರಿ. ಒಂದ್ ದಿನದ ಕೆಲಸ ಅಲ್ಲ ಇದು. ಏನ್ ಓಡ್ತಿತ್ತು ಇಲ್ಲಿ?”

“ಏನೂ ಇಲ್ಲಪ್ಪ. ನಿನ್ನೆ ಬಿಟ್ರೆ ವಾರದಿಂದ ರೂಮೇ ತೆಗ್ದಿಲ್ಲ,” ಎಂದರು ಮಿಸ್.

ಅಂಕಲ್ ಗೋಡೆಯ ಕಡೆ ನೋಡಿದರು. ಎರಡು ಫ್ಯಾನಿನ ಸ್ವಿಚ್ಚುಗಳೂ ಕೆಳಗೆ ಒತ್ತಿಕೊಂಡಿದ್ದವು.

“ಈ ಫ್ಯಾನು ಯಾರು ಹಾಕಿದ್ದು?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿನ್ನೆ ಯಾರೂ ಹಾಕಿರಲಿಲ್ಲ. ಸೆಕೆಯೆಂದು ಎಲ್ಲರೂ ಗಾಳಿ ಕುಡಿದರೇ ಹೊರತು, ತಿರುಗುತ್ತಿರುವ ಫ್ಯಾನನ್ನು ಯಾರು ತಿರುಗಿಸಿದರು ಎಂದು ಯಾರೂ ಕೇಳಿರಲಿಲ್ಲ.

ಸಿದ್ದರಾಜು ತಲೆ ಕೆರೆದುಕೊಂಡ. “ಹೋದ ಶನಿವಾರ ಇಲ್ಲಿ ಪೇರೆಂಟ್ಸ್ ಮೀಟಿಂಗ್ ಆಗಿತ್ತಲ್ಲ ಮಿಸ್...”

“ಸರಿಹೋಯ್ತು,” ಎಂದರು ಅಂಕಲ್. “ಮೀಟಿಂಗ್ ಮುಗಿಸಿ ಬೀಗ ಹಾಕ್ಕೊಂಡು ಹೋಗಿದ್ದೀರಿ. ಒಳಗೆ ಫ್ಯಾನು ಹಗಲೂ ರಾತ್ರಿ ಖಾಲಿ ರೂಮಿಗೆ ಗಾಳಿ ಹಾಕ್ತಿತ್ತು. ವಾರವೆಲ್ಲಾ ಮೋಡ ಬೇರೆ. ದಿನಾ ಬೆಳಗ್ಗೆ ಯಾರಾದ್ರೂ ಒಳಗೆ ಬಂದು ಮೀಟರ್ ನೋಡಿದ್ರೆ ಸೋಮವಾರಾನೇ ಗೊತ್ತಾಗೋದು. ಯಾಕೆ ನೋಡಿಲ್ಲ?”

“ಅವಳು ನೋಡ್ದೇ ಬರ್ದಿದ್ದಾಳೆ ಅಂಕಲ್!” ಸಿಂಚನ ಬೆರಳು ಚಾಚಿಯೇ ಬಿಟ್ಟಳು.

ಅಂಕಲ್ ಚಂದನಳ ಕಡೆ ತಿರುಗಿದರು. “ಯಾಕಮ್ಮಣ್ಣಿ?”

“ಬೀಗ ಹಾಕಿತ್ತು ಅಂಕಲ್,” ಎಂದಳು ಚಂದನ. ಅದೇ ಮಾತು ಮೂರನೆಯ ಸಲ. “ಕೀ ಅನಿಲ್ ಸರ್ ಹತ್ರ ಇತ್ತು.”

ಅನಿಲ್ ಸರ್ ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. ಕೀ ಗೊಂಚಲು ಖಣ್ ಎಂದಿತು. ಅವರ ಮುಖ ಕೆಂಪಾಯಿತು.

“ಹೌದು ಮೇಡಂ. ಟ್ರೈನಿಂಗ್‌ಗೆ ಹೋಗೋ ಗಡಿಬಿಡೀಲಿ ಕೀ ನನ್ನ ಜೊತೇಲೇ ಬಂದ್ಬಿಟ್ಟಿದೆ. ಕೊಟ್ಟು ಹೋಗ್ಬೇಕಿತ್ತು. ನಿನ್ನೆ ಬೆಳಗ್ಗೆ ಇವಳು ಬಂದಾಗ್ಲೂ ನಾನೇ ಆಚೆ ಕಳಿಸ್ದೆ. ತಪ್ಪು ನಂದು.”

ಸರ್ ಹಾಗೆ ಎಲ್ಲರೆದುರು ತಪ್ಪು ಒಪ್ಪಿಕೊಂಡದ್ದು ನೋಡಿ ಸಿಂಚನಳಿಗೆ ಹೇಗೆ ಹೇಗೋ ಆಯಿತು. ಶಶಿರೇಖಾ ಮಿಸ್ ಸರ್ ಕಡೆ ಒಂದು ಸಲ ನೋಡಿದರು, ಅಷ್ಟೇ. ಮಕ್ಕಳ ಮುಂದೆ ದೊಡ್ಡವರು ದೊಡ್ಡವರಿಗೆ ಬೈಯುವುದು ಹಾಗೆಯೇ.

“ಬ್ಯಾಟರಿ ಸತ್ತುಹೋಯ್ತಾ ಅಂಕಲ್?” ಸಿಂಚನ ಕೇಳಿದಳು.

“ಇಲ್ಲಮ್ಮ. ನಾಲ್ಕೈದು ದಿನ ಯಾರೂ ಏನೂ ಹಾಕ್ಬೇಡಿ. ಬಿಸಿಲು ಕುಡ್ಕೊಂಡು ಮೆಲ್ಲಗೆ ಏಳುತ್ತೆ. ಮೊದಲಿನಷ್ಟು ಶಕ್ತಿ ಬರೋದು ಮಾತ್ರ ಡೌಟು. ಎಲ್ಲಿ, ಆ ನೋಟ್‌ಬುಕ್ ಕೊಡು ನೋಡೋಣ.”

ಅಂಕಲ್ ಗ್ಲೌಸು ಬಿಚ್ಚಿ ಬೆಂಚಿನ ಮೇಲೆ ಕುಳಿತು ಪುಟ ತಿರುಗಿಸಿದರು. ಸಿಂಚನ ಪಕ್ಕದಲ್ಲಿ ನಿಂತಳು. ಮಿಸ್ ಮತ್ತು ಸರ್ ಆ ಕಡೆ ಕಿಟಕಿಯ ಹತ್ತಿರ ಆ ವಿಜ್ಞಾನಿ ಮೇಡಂಗೆ ಏನು ಹೇಳುವುದು ಎಂದು ಮಾತನಾಡುತ್ತಿದ್ದರು.

“ಭೇಷ್! ಮಳೆ ವಾರದಲ್ಲಿ ಇಳಿದಿದೆ, ಆಮೇಲೆ ಏರಿದೆ. ಸರಿಯಾಗಿ ಬರ್ದಿದ್ದೀಯ ಮಿನಿಸ್ಟ್ರೇ,” ಎಂದರು ಅಂಕಲ್. ಅವರ ಬೆರಳು ಜುಲೈ ಪುಟದ ಮೇಲೆ ಇಳಿಯುತ್ತಾ ಬಂತು. ಒಂದು ಕಡೆ ನಿಂತಿತು. “ಹನ್ನೆರಡನೇ ತಾರೀಖು. ಇದು ಯಾವ ವಾರ?”

ಸಿಂಚನ ಕಿಟಕಿಯ ಹತ್ತಿರ ನಿಂತಿದ್ದ ಮಿಸ್ ಕಡೆ ನೋಡಿದಳು.

ಬೆರಳು ಮತ್ತೆ ಇಳಿಯಿತು. “ಹತ್ತೊಂಬತ್ತು. ಇಪ್ಪತ್ತಾರು.” ಅಂಕಲ್ ದನಿ ತಗ್ಗಿಸಿದರು. “ಭಾನುವಾರ ಸ್ಕೂಲಿನ ಬಾಗಿಲು ಯಾರು ತೆಗೀತಾರಮ್ಮ?”

ಸಿಂಚನಳ ಕೈ ತನ್ನಷ್ಟಕ್ಕೇ ಹೋಗಿ ಪುಟವನ್ನು ಮುಚ್ಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ನೋಟ್‌ಬುಕ್ ಶುರುವಾದ ಮೇಲೆ ಬಂದ ಮೊದಲನೇ ಭಾನುವಾರ, ಜೂನ್ ಇಪ್ಪತ್ತೊಂದರ ಖಾನೆಯನ್ನು ಅವಳು ಖಾಲಿಯೇ ಬಿಟ್ಟಿದ್ದಳು. ಶನಿವಾರ ಎಲ್ಲ ಮಂತ್ರಿಗಳ ನೋಟ್‌ಬುಕ್ ನೋಡಿ ಸೈನ್ ಹಾಕುವ ಮಿಸ್, ಆ ಖಾಲಿ ಖಾನೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ “ಯಾಕೆ ಖಾಲಿ?” ಎಂದು ಬರೆದಿದ್ದರು. ಅವತ್ತಿನಿಂದ ಅವಳು ಖಾಲಿ ಬಿಡಲಿಲ್ಲ. ಸೋಮವಾರ ಬಂದು ಭಾನುವಾರಕ್ಕೂ ಒಂದು ನಂಬರ್ ಬರೆಯುತ್ತಿದ್ದಳು. ಶನಿವಾರ 12.4, ಸೋಮವಾರ 12.6 ಆದರೆ ಭಾನುವಾರ 12.5. ಅಚ್ಚುಕಟ್ಟಾಗಿ ಇರುತ್ತಿತ್ತು. ಮಿಸ್ “ಗುಡ್” ಎಂದು ಬರೆಯುತ್ತಿದ್ದರು.

ಅಂಕಲ್ ಬೈಯಲಿಲ್ಲ. ನೋಟ್‌ಬುಕ್ಕನ್ನು ಅವಳ ಕೈಗಿಟ್ಟು ಪೆಟ್ಟಿಗೆ ಕಟ್ಟಲು ಎದ್ದರು. ಅವರು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಸಿಂಚನಳಿಗೆ. ತಿರುಗಿ ಸಿಟ್ಟು ಮಾಡಿಕೊಳ್ಳಲಾದರೂ ಒಬ್ಬರು ಸಿಗುತ್ತಿದ್ದರು.

“ಸಿಂಚನ, ಬಾ ಇಲ್ಲಿ,” ಮಿಸ್ ಕರೆದರು. ಸಿದ್ದರಾಜು ಜೇಬಿನಿಂದ ಬ್ಯಾಡ್ಜ್ ತೆಗೆದುಕೊಟ್ಟ. ಮಿಸ್ ಅದನ್ನು ಅವಳ ಯೂನಿಫಾರಂಗೆ ಚುಚ್ಚಿದರು. “ನಿನ್ನೆ ಸಿಟ್ಟಲ್ಲಿ ಬೈದ್ಬಿಟ್ಟೆ. ನಿನ್ನ ತಪ್ಪೇನೂ ಇರ್ಲಿಲ್ಲ. ಚಂದನ, ಬೀಗ ಹಾಕಿತ್ತು ಅಂತ ನನ್ನ ಹತ್ರ ಬಂದು ಹೇಳ್ಬೇಕಿತ್ತು. ಕಣ್ಣಲ್ಲಿ ನೋಡ್ದೇ ಬರೆಯೋರು ನಮ್ಮ ಸಂಸತ್ತಿಗೆ ಬೇಡ. ಸೋಮವಾರದಿಂದ ಉಪಮಂತ್ರಿ ಬೇರೆಯವರು.”

ಚಂದನ ತಲೆ ತಗ್ಗಿಸಿಕೊಂಡು ತನ್ನ ಬ್ಯಾಡ್ಜ್ ಬಿಚ್ಚಿದಳು. ಪಿನ್ನು ಸಿಕ್ಕಿಕೊಂಡಿತು. ಯಾವಾಗಲೂ ಅದನ್ನು ಬಿಡಿಸಿಕೊಡುತ್ತಿದ್ದದ್ದು ಸಿಂಚನ. ಇವತ್ತು ಅವಳು ಒಬ್ಬಳೇ ಜಗ್ಗಿ ಜಗ್ಗಿ ತೆಗೆದಳು, ಮಿಸ್ ಕೈಗೆ ಕೊಟ್ಟು ಹೊರಗೆ ಹೋದಳು.

ಸಿಂಚನ ಬಾಯಿ ತೆರೆದಳು. ನಿನ್ನೆ ಅಷ್ಟು ಕಿರುಚಿದ ಬಾಯಿಂದ ಈಗ ಒಂದು ಮಾತೂ ಹೊರಡಲಿಲ್ಲ. ಅವಳಿಗೆ ಇನ್ನೂ ಸಿಟ್ಟಿತ್ತು. ಅಂಕಲ್ ಬೆರಳಿನ ಮೇಲೆ, ಕೆಂಪು ಪೆನ್ನಿನ ಮೇಲೆ, ಭಾನುವಾರಗಳ ಮೇಲೆ. ಎಲ್ಲ ಸುತ್ತಿ ಬಂದು ಅದು ಅವಳ ಮೇಲೇ ನಿಂತಿತು.

*

ಹನ್ನೊಂದೂವರೆಗೆ ಶಾಲೆ ಬಿಟ್ಟಿತು. ಮಕ್ಕಳು ಹೋ ಎಂದು ಗೇಟಿನ ಕಡೆ ಓಡಿದರು. ಮನೆಗೆ ಹೋಗುವ ಮೊದಲು ಮಂತ್ರಿಗಳೆಲ್ಲ ನೋಟ್‌ಬುಕ್ಕನ್ನು ಮಿಸ್ ಮೇಜಿನ ಮೇಲೆ ಇಟ್ಟು ಹೋಗಬೇಕು. ಊಟದ ಮಂತ್ರಿ ಇಟ್ಟ. ನೀರಿನ ಮಂತ್ರಿ ಇಟ್ಟಳು. ಸಿಂಚನ ವರಾಂಡದ ಮೆಟ್ಟಿಲ ಮೇಲೆ ಕುಳಿತಳು. ನೋಟ್‌ಬುಕ್ಕನ್ನು ತೊಡೆಯ ಮೇಲೆ ಬಿಡಿಸಿ, ಜೂನ್ ಪುಟ ತೆಗೆದು, ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

ಬ್ಯಾಗ್ ಹಾಕಿಕೊಂಡು ಬಂದ ಚಂದನ ಅವಳನ್ನು ನೋಡದ ಹಾಗೆ ಎರಡು ಮೆಟ್ಟಿಲು ಇಳಿದಳು. ಮೂರನೆಯದರಲ್ಲಿ ನಿಂತಳು.

“ಏನ್ ಮಾಡ್ತಿದ್ದೀಯ?”

“ಗೆರೆ ಹೊಡೀತಿದ್ದೀನಿ.”

“ಯಾವುದಕ್ಕೆ?”

“ಭಾನುವಾರಕ್ಕೆ.”

ಚಂದನ ಬಗ್ಗಿ ನೋಡಿದಳು. ಜೂನ್ ಇಪ್ಪತ್ತೆಂಟರ 12.5 ಮೇಲೆ ಒಂದು ಗೆರೆ ಇತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ “ನೋಡಿಲ್ಲ” ಎಂದು ಬರೆದಿತ್ತು.

“ನೀನೂ ನೋಡ್ದೇ ಬರ್ದಿದ್ಯಾ?”

“ಹೂಂ.”

“ಎಷ್ಟು?”

“ಹತ್ತು.”

“ನಂದು ಬರೀ ಐದು!” ಚಂದನ ಕಿರುಚಿದ ಜೋರಿಗೆ ಗೇಟಿನ ಹತ್ತಿರ ಇದ್ದವರು ತಿರುಗಿ ನೋಡಿದರು. “ಹತ್ತು ಬರ್ಕೊಂಡು ನನ್ನ ಸುಳ್ಳಿ ಅಂದ್ಯಾ? ನಲ್ಲಿ ಹತ್ರ, ಎಲ್ಲರ ಮುಂದೆ? ನಿನ್ನೆ ಮಧ್ಯಾಹ್ನ ಎಲ್ಲಾ ಗೋಡೆ ನೋಡ್ಕೊಂಡು ನಿಂತಿದ್ದೆ ನಾನು. ಸಣ್ ಮಕ್ಕಳೂ ಬಂದು ಬಂದು ನೋಡ್ಕೊಂಡು ಹೋದ್ರು!”

ಸಿಂಚನಳ ಕಣ್ಣಿಂದ ಒಂದು ಹನಿ ಜುಲೈ ಐದರ ಮೇಲೆ ಬಿತ್ತು. ಅಂಗೈಯಲ್ಲಿ ಒರೆಸಿದಳು. ಇಂಕು ಹರಡಿಕೊಂಡಿತು.

“ಬೈಯಿ,” ಎಂದಳು.

“ಬೈಯಲ್ಲ, ಹೋಗೇ!”

ಹೋಗೇ ಎಂದವಳು ತಾನೂ ಹೋಗಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಇದ್ದಳು. ಸಿಂಚನ ಜುಲೈ ಐದಕ್ಕೆ ಗೆರೆ ಹೊಡೆದು “ನೋಡಿಲ್ಲ” ಎಂದು ಬರೆದಳು.

“ಮಿಸ್ ಇವತ್ತೇ ನೋಡ್ತಾರೆ,” ಎಂದಳು ಚಂದನ.

“ಗೊತ್ತು.”

“ಮತ್ತೆ ಬ್ಯಾಡ್ಜ್ ಕಿತ್ಕೊಳ್ತಾರೆ.”

“ಕಿತ್ಕೊಳ್ಳಲಿ.”

“ಸಿದ್ದರಾಜು ಮತ್ತೆ ಕೈ ಚಾಚ್ತಾನೆ.”

“ಚಾಚಲಿ ಬಿಡು.”

ಆಫೀಸ್ ರೂಮಿನಿಂದ ಮಿಸ್ ಕೂಗಿದರು. “ವಿದ್ಯುತ್ ಮಂತ್ರಿ, ನೋಟ್‌ಬುಕ್ ಎಲ್ಲಿ?”

“ಬಂದೆ ಮಿಸ್, ಎರಡೇ ನಿಮಿಷ!” ಎಂದಳು ಸಿಂಚನ. ಅವಸರಕ್ಕೆ ಜುಲೈ ಹನ್ನೆರಡರ ಗೆರೆ ಸೊಟ್ಟಗೆ ಹೋಗಿ ಕೆಳಗಿನ ಸೋಮವಾರಕ್ಕೆ ತಗುಲಿತು. ಆ ಸೋಮವಾರ ಅವಳು ನಿಜವಾಗಿಯೂ ನೋಡಿ ಬರೆದದ್ದು.

ಚಂದನ ಬ್ಯಾಗ್ ಇಳಿಸಿ ಜಿಪ್ಪು ಎಳೆದಳು. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಒಳಗೆ ಕೈ ಹಾಕಿ ಸ್ಕೇಲ್ ತೆಗೆದು ನೋಟ್‌ಬುಕ್ಕಿನ ಮೇಲೆ ಎಸೆದಳು.

“ಸ್ಕೇಲ್ ಇಟ್ಟು ಹೊಡಿ. ಒಳ್ಳೇ ನಂಬರೆಲ್ಲಾ ಹಾಳ್ ಮಾಡ್ತಿದ್ದೀಯ.”

ಆಮೇಲೆ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಕುಳಿತುಕೊಂಡಳು. ಸಿಂಚನ ಸ್ಕೇಲನ್ನು ಸರಿಯಾಗಿ ಇಟ್ಟುಕೊಂಡಳು. ಇನ್ನೂ ಏಳು ಭಾನುವಾರ ಉಳಿದಿದ್ದವು.